ಪರಂಗಿ ಹಾಲು ಕುಡಿದ ಪ್ಲೇಟು

ಕರಗಿಸಿ ಮತ್ತೆ ಹೊಯ್ದ ಜೆಲಟಿನ್ ಪ್ಲೇಟು ಗಟ್ಟಿಯಾಗಲೇ ಇಲ್ಲ. ರೋಲರ್‌ನಿಂದ ಬಣ್ಣ ಹಚ್ಚಿ, ಎಲೆ ಇಟ್ಟು, ಕಾಗದ ಒತ್ತಿ ಪ್ರಿಂಟ್ ತೆಗೆಯುವ ಜೆಲ್ಲಿಯಂಥ ಹಲಗೆ ಅದು. ರಾತ್ರಿಯೆಲ್ಲ ಮಹಡಿ ರೂಮಿನ ತಣ್ಣನೆ ನೆಲದ ಮೇಲಿತ್ತು. ಬೆಳಿಗ್ಗೆ ಟ್ರೇ ಅಲ್ಲಾಡಿಸಿದರೆ ಈ ಅಂಚಿನಿಂದ ಆ ಅಂಚಿಗೆ ಅಲೆ ಹೋಯಿತು. ಜೆಲಟಿನ್ ಪ್ಲೇಟಿನ ದೊಡ್ಡ ಅನುಕೂಲವೇ ಅದು ಅಲ್ವಾ? ಗೀರು ಬಿದ್ದರೆ ಕರಗಿಸು, ಸೋಸು, ಮತ್ತೆ ಹೊಯ್ಯಿ, ಹೊಸ ಪ್ಲೇಟು ರೆಡಿ. ಈ ಸಲ ಅದೇ ಕೈಕೊಟ್ಟಿತು.

ನನ್ನ ಅಳತೆಯಲ್ಲಿ ವಿಶೇಷ ಏನೂ ಇಲ್ಲ. 90 ಗ್ರಾಂ ಜೆಲಟಿನ್, 350 ಎಂಎಲ್ ಗ್ಲಿಸರಿನ್, 700 ಎಂಎಲ್ ನೀರು. ಎ4 ಹಾಳೆಗಿಂತ ಸ್ವಲ್ಪ ದೊಡ್ಡ ಟ್ರೇಗೆ ಸಾಕು. ನೆನೆಹಾಕೋದು, ಬಿಸಿನೀರ ಪಾತ್ರೆಯೊಳಗಿಟ್ಟು ಕರಗಿಸೋದು, ಪೇಪರ್ ಪಟ್ಟಿಯಿಂದ ಗುಳ್ಳೆ ಎಳೆಯೋದು ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ.

ಮೊದಲ ಅನುಮಾನ ಜೆಲಟಿನ್ ಕಳಿಸಿದವರ ಮೇಲೆ. ಪ್ಯಾಕೆಟ್ ಮೇಲೆ 'ಪ್ರೀಮಿಯಂ' ಅಂತ ಬಂಗಾರದ ಅಕ್ಷರದಲ್ಲಿ ಬರೆಯಲು ಜಾಗ ಇದೆ, ಬ್ಲೂಮ್ (ಜೆಲ್ಲಿ ಎಷ್ಟು ಗಟ್ಟಿಯಾಗುತ್ತದೆ ಅನ್ನುವ ಅಂಕಿ) ಎಷ್ಟು ಅಂತ ಬರೆಯಲು ಇಲ್ಲ. ಬ್ಲೂಮ್ 250 ಇದ್ದರೆ ಒಂದು ಲೆಕ್ಕ, 150 ಇದ್ದರೆ ಇನ್ನೊಂದು ಲೆಕ್ಕ. ಮೆಸೇಜ್ ಹಾಕಿ ಕೇಳಿದೆ. 'ಬೆಸ್ಟ್ ಕ್ವಾಲಿಟಿ ಮೇಡಂ' ಅಂತ ಉತ್ತರ ಬಂತು, ಜೊತೆಗೊಂದು ಕೈಮುಗಿದ ಚಿತ್ರ. ಅದರ ಹಿಂದಿನ ಸಲ ಇನ್ನೊಬ್ಬರು 'ವೆಜ್ ಜೆಲಟಿನ್' ಅಂತ ಹೇಳಿ ಚೈನಾ ಗ್ರಾಸ್ ಪುಡಿ ಕಳಿಸಿದ್ದರು. ಅದು ಅಗರ್. ಚೆನ್ನಾಗಿಯೇ ಗಟ್ಟಿಯಾಗುತ್ತದೆ, ಆದರೆ ಬಳುಕುವುದಿಲ್ಲ. ರೋಲರ್ ಎರಡು ಸಲ ಓಡಿದರೆ ಬಿರುಕು.

ಗ್ಲಿಸರಿನ್ನದು ಬೇರೆಯೇ ಕತೆ. ಮೆಡಿಕಲ್ ಶಾಪಿನಲ್ಲಿ ಸಿಗುವುದು 100 ಎಂಎಲ್ ಬಾಟಲಿ. ನಾಲ್ಕು ಬಾಟಲಿ ಕೇಳಿದರೆ ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, 'ಇಷ್ಟೊಂದು ಯಾಕಮ್ಮಾ, ಮನೆಯಲ್ಲಿ ಎಲ್ಲರಿಗೂ ತುಟಿ ಒಡೆದಿದ್ಯಾ?' ಅಂತಾರೆ. ಪ್ರಿಂಟಿಂಗ್‌ಗೆ ಅಂದರೆ ಇನ್ನೂ ಅನುಮಾನ. ಸುಮ್ನೆ ಹೂಂ ಅಂದುಬಿಡುವುದು ಸುಲಭ.

ಹೊಸ ಜೆಲಟಿನ್ ತರಿಸಿ ಹೊಯ್ದೆ. ಗಟ್ಟಿಯಾಯಿತು. ಹಳೆಯ ಪ್ಯಾಕೆಟ್ಟಿನ ತಳದಲ್ಲಿ ಉಳಿದಿದ್ದನ್ನೂ ಚಿಕ್ಕ ಬಟ್ಟಲಲ್ಲಿ ಹೊಯ್ದೆ. ಅದೂ ಗಟ್ಟಿಯಾಯಿತು! ಅಂದರೆ ಪುಡಿ ಸರಿಯಿದೆ, ಗ್ಲಿಸರಿನ್ ಸರಿಯಿದೆ. ಕೆಟ್ಟಿರುವುದು ಆ ಒಂದು ಪ್ಲೇಟಿನ ಮಾಲು ಮಾತ್ರ.

ಸುಳಿವು ಸಿಕ್ಕಿದ್ದು ಹಗ್ಗಕ್ಕೆ ನೇತುಹಾಕಿದ್ದ ಪ್ರಿಂಟುಗಳಲ್ಲಿ. ಹಳೇ ಪ್ಲೇಟಿನಿಂದ ಕೊನೆಗೆ ತೆಗೆದದ್ದು ಹೊಂಗೆ ಎಲೆಯದು, ನೀಲಿ ಬಣ್ಣ. ಮೊದಲ ಪ್ರತಿಯಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ. ಎಲೆ ಎತ್ತಿದ ಮೇಲೆ ತೆಗೆದ ಗೋಸ್ಟ್ ಪ್ರಿಂಟನ್ನು (ಪ್ಲೇಟಿನಲ್ಲಿ ಉಳಿದ ಬಣ್ಣದಿಂದ ಬರುವ ಎರಡನೇ ಪ್ರತಿ) ಕಿಟಕಿ ಬೆಳಕಿಗೆ ಹಿಡಿದೆ. ಹೊಂಗೆಯ ನರಗಳ ಹಿಂದೆ ಇನ್ನೊಂದು ಎಲೆ. ಒಂದೇ ಜಾಗದಿಂದ ಹೊರಟು ಬೆರಳಿನಂತೆ ಹರಡಿದ ಏಳು ಬಿಳಿ ಗೆರೆಗಳು, ಕೂದಲಿಗಿಂತ ತುಸು ದಪ್ಪ, ಅಂಚು ಒರಟು. ತೊಟ್ಟು ಇರಬೇಕಾದ ಕಡೆ ಕಡಲೆಬೇಳೆ ಗಾತ್ರದ ಬಿಳಿ ಚುಕ್ಕೆ. ಪರಂಗಿ ಎಲೆ! ಅವತ್ತು ನಾನು ಪರಂಗಿ ಎಲೆ ಇಟ್ಟೇ ಇರಲಿಲ್ಲ. ಅದನ್ನು ಇಟ್ಟಿದ್ದು ಅದರ ಹಿಂದಿನ ವಾರ, ಹಿತ್ತಲಿಂದ ಆಗ ತಾನೇ ಕಿತ್ತು.

ಬಣ್ಣ ಉಳಿದಿದ್ದಲ್ಲ ಅದು. ಪ್ಲೇಟಿನಲ್ಲೇ ಎಲೆಯ ಆಕಾರಕ್ಕೆ ಹಳ್ಳ ಬಿದ್ದಿತ್ತು. ರೋಲರ್ ಹಳ್ಳದ ಮೇಲೆ ಹಾರಿ ಹೋಗಿದೆ, ಅಲ್ಲಿಗೆ ಬಣ್ಣ ತಾಗಿಲ್ಲ, ಅದಕ್ಕೇ ಬಿಳಿ ಗೆರೆ.

ಮಟನ್ ಬೇಗ ಬೇಯಲಿ ಅಂತ ಪರಂಗಿಕಾಯಿ ಅರೆದು ಹಚ್ಚುತ್ತಾರಲ್ಲ, ಅದೇ ಕೆಲಸ ಇಲ್ಲೂ ಆಗಿದೆ. ಪರಂಗಿ ಹಾಲಿನಲ್ಲಿ ಪಪೈನ್ ಅನ್ನುವ ಎಂಜೈಮ್ ಇದೆ, ಪ್ರೋಟೀನನ್ನು ತುಂಡು ಮಾಡುತ್ತದೆ. ಜೆಲಟಿನ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಪ್ರೋಟೀನ್ ತಾನೆ. (ಅದಕ್ಕೇ ನಮ್ಮಮ್ಮ ಆ ಪಾತ್ರೆಯನ್ನು ಅಡುಗೆಮನೆ ಹೊಸಿಲು ದಾಟಲು ಬಿಟ್ಟಿಲ್ಲ. ಮಹಡಿಯಲ್ಲಿ ನನಗೆ ಬೇರೆ ಇಂಡಕ್ಷನ್ ಒಲೆ, ಬೇರೆ ಸೌಟು.) ಹಸಿ ಅನಾನಸ್ ಹಾಕಿದರೆ ಜೆಲ್ಲಿ ಗಟ್ಟಿಯಾಗದಿರುವುದೂ ಇದೇ ಕಾರಣಕ್ಕೆ, ಅಲ್ಲಿ ಬ್ರೊಮೆಲೈನ್.

ಇನ್ನು ಉರಿ ಹತ್ತಿಸುವ ವಿಷಯ ಕೇಳಿ. ಪಪೈನ್‌ಗೆ ಬಿಸಿ ಅಂದರೆ ಭಯವಿಲ್ಲ. 60ರಿಂದ 70 ಡಿಗ್ರಿಯಲ್ಲಿ ಅದರ ಕೆಲಸ ಇನ್ನೂ ಜೋರು. ನಾವು ಪ್ಲೇಟು ಕರಗಿಸುವುದು ಎಷ್ಟಕ್ಕೆ? ಸರಿಯಾಗಿ 60ಕ್ಕೆ. ಆ ಏಳು ಗೆರೆಯಲ್ಲಿ ಕೂತಿದ್ದ ಎಂಜೈಮನ್ನು ಇಡೀ ಪಾತ್ರೆಗೆ ಕಲಸಿ, ಅದಕ್ಕೆ ಇಷ್ಟವಾದ ಬಿಸಿಯಲ್ಲಿ ಅರ್ಧ ಗಂಟೆ ಕೂರಿಸಿದಂತಾಯಿತು. ಆಮೇಲೆ ಕುದಿಸಿ ಎಂಜೈಮನ್ನು ಕೊಂದರೂ ಪ್ರಯೋಜನವಿಲ್ಲ. ತುಂಡಾದ ಜೆಲಟಿನ್ ಮತ್ತೆ ಕೂಡಿಕೊಳ್ಳುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಸ್ಟೀಲ್ ಲೋಟಗಳನ್ನು ಸಾಲಾಗಿಟ್ಟೆ. ಎಲ್ಲದಕ್ಕೂ ಒಂದೇ ಮಾಲು. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ತೊಟ್ಟು ಮುರಿದಾಗ ಬಂದ ಹಾಲಿನ ಕೆಲವು ಹನಿ. ಒಂದಕ್ಕೆ ಪೇಪರ್ ನಡುವೆ ಒಣಗಿಸಿದ ಎಲೆಯ ಪುಡಿ. ಇನ್ನೊಂದಕ್ಕೆ ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿದ ಎಲೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ರಾತ್ರಿ ತಣ್ಣಗಾಗಲು ಬಿಟ್ಟೆ. ಬೆಳಿಗ್ಗೆ ಬೋರಲು ಹಾಕಿದೆ. ಏನೂ ಹಾಕದ್ದು ಅಲ್ಲಾಡಲಿಲ್ಲ. ಹಾಲು ಬಿದ್ದದ್ದು ನೀರಿನ ಹಾಗೆ ಸುರಿಯಿತು. ಒಣ ಎಲೆಯದು ಲೋಟದ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಜಾರಿತು. ಬೇಯಿಸಿದ್ದು ಗಟ್ಟಿ.

ಒಣ ಎಲೆ ಸೇಫ್ ಅಂದುಕೊಳ್ಳುವವರಿಗಾಗಿ ಆ ಮೂರನೇ ಲೋಟ. ಅಂಗಡಿಯಲ್ಲಿ ಸಿಗುವ ಪಪೈನ್ ಪುಡಿ ಕೂಡ ಒಣಗಿಸಿದ ಪರಂಗಿ ಹಾಲೇ. ಒಣಗಿದರೆ ಅದು ಸಾಯುವುದಿಲ್ಲ, ಮಲಗಿರುತ್ತದೆ ಅಷ್ಟೇ. ಹಾಗಾಗಿ ನನ್ನ ಪ್ಲೇಟಿನ ಹತ್ತಿರ ಇನ್ನು ಪರಂಗಿ ಬೇಯದೆ ಬರುವಂತಿಲ್ಲ. ಅಂಜೂರ, ಎಕ್ಕದ ಎಲೆಗೂ ಅದೇ ರೂಲು, ಅವುಗಳ ಹಾಲಿನಲ್ಲೂ ಪ್ರೋಟೀನ್ ತಿನ್ನುವ ಎಂಜೈಮುಗಳಿವೆ. ಬೇಯಿಸಿದ ಎಲೆ ಸೊಪ್ಪಿನ ಪಲ್ಯದಂತೆ ಜೋತುಬೀಳುತ್ತದೆ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಹರಡಬೇಕು. ಪ್ರಿಂಟ್ ಮೋಸವಿಲ್ಲ. ನರ ಸ್ವಲ್ಪ ಮೆತ್ತಗೆ ಬರುತ್ತದೆ. ಜೆಲ್ಲಿ ಆರ್ಟ್ಸ್ ಥರದ ಕಂಪನಿಯ ರೆಡಿಮೇಡ್ ಪ್ಲೇಟು ಇರುವವರಿಗೆ ಈ ತಲೆನೋವಿಲ್ಲ, ಅದರಲ್ಲಿ ಜೆಲಟಿನ್ನೇ ಇಲ್ಲ. ಬೆಲೆ ನೋಡಿದರೆ ನನಗೆ ಎಲೆ ಬೇಯಿಸುವುದೇ ವಾಸಿ.

ಮಧ್ಯೆ ಒಂದು ಮಾತು, ಮರೆಯುವ ಮೊದಲು. ಬೇಯಿಸದ ಎಲೆಗಳನ್ನು ಏನು ಮಾಡುವುದು ಅಂತ ಯೋಚಿಸುವಾಗ ಅರಿಶಿನದ ಆಂಥೋಟೈಪ್, ಅಂದರೆ ಗಿಡದ ಬಣ್ಣದಲ್ಲಿ ಬಿಸಿಲಿನಿಂದ ತೆಗೆಯುವ ಪ್ರಿಂಟ್, ತಲೆಗೆ ಬಂತು. ಸ್ಪಿರಿಟ್‌ನಲ್ಲಿ ಅರಿಶಿನ ಕಲಸಿ ಕಾಗದಕ್ಕೆ ಬಳಿದು, ಮೇಲೆ ಎಲೆ, ಗಾಜು, ಬಿಸಿಲು. ಬಿಸಿಲು ಬಿದ್ದ ಕಡೆ ಹಳದಿ ಮಾಸುತ್ತದೆ. ಆಮೇಲೆ ಬೋರಾಕ್ಸ್ ನೀರು ಚಿಮುಕಿಸಿದರೆ ಉಳಿದ ಹಳದಿ ಕೆಂಪು ಕಂದು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ನಮಗೆ ಹೊಸದೇನಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಹೂವಿನ ರಸದಲ್ಲಿ ಇಂಥ ಪ್ರಿಂಟ್ ಮಾಡಿದ್ದ. ಬೇಸಿಗೆ ಬರಲಿ, ತಾರಸಿ ಖಾಲಿಯೇ ಇದೆ.

ಆದರೆ ಅದಕ್ಕೂ ಮೊದಲು ಇದು. ಆ ಏಳು ಬಿಳಿ ಗೆರೆಗಳನ್ನು ನೋಡಿದಷ್ಟೂ ಆಸೆ ಜಾಸ್ತಿಯಾಗುತ್ತಿದೆ. ಪ್ರೆಸ್ ಇಲ್ಲ, ಆಸಿಡ್ ಇಲ್ಲ, ಆದರೂ ಎಚಿಂಗ್, ಲೋಹದ ಪ್ಲೇಟನ್ನು ಆಸಿಡ್‌ನಲ್ಲಿ ಕೊರೆದ ಹಾಗೆ! ಬೇಕೆಂದೇ ಪರಂಗಿ ಹಾಲಲ್ಲಿ ಗೆರೆ ಎಳೆದರೆ? ಒಂದೇ ಗೆರೆಯನ್ನು ಐದು, ಹತ್ತು, ಇಪ್ಪತ್ತು, ನಲವತ್ತು ನಿಮಿಷ ಬಿಟ್ಟು ಒರೆಸಿದರೆ ಬೇರೆ ಬೇರೆ ಆಳ ಸಿಗಬೇಕು. ನಿಲ್ಲಿಸಲು ಹೈಡ್ರೋಜನ್ ಪೆರಾಕ್ಸೈಡ್ ಒರೆಸಿ ನೋಡುತ್ತೇನೆ, ಪಪೈನ್ ಅದಕ್ಕೆ ಸೋಲುತ್ತದೆ. ಗುಳ್ಳೆ ಎದ್ದು ಮೇಲ್ಮೈ ಹಾಳಾಗದಿದ್ದರೆ ಸರಿ. ಗ್ಲೌಸ್ ಹಾಕಿಕೊಳ್ಳಿ, ಆ ಹಾಲು ಚರ್ಮಕ್ಕೆ ಉರಿ, ಕಣ್ಣಿಗಂತೂ ಬೇಡವೇ ಬೇಡ. ಗೋಸ್ಟ್ ತೀರಾ ಮಂಕಾಗಿ ಬಂದರೆ ಮೇಲೆ ಪೇಸ್ಟಲ್ ತಿದ್ದುವುದು, ಫ್ರೆಂಚ್ ಚಿತ್ರಕಾರ ಡೆಗಾ ತನ್ನ ಎರಡನೇ ಪ್ರತಿಗಳಿಗೆ ಮಾಡುತ್ತಿದ್ದ ಹಾಗೆ.

ಅಂಗೈ ಅಗಲದ ಚಿಕ್ಕ ಪ್ಲೇಟೊಂದನ್ನು ಇದಕ್ಕೆಂದೇ ಹೊಯ್ದಿಟ್ಟಿದ್ದೇನೆ. ಅದರ ಬಟ್ಟಲು, ಒರೆಸುವ ಬಟ್ಟೆ ಎಲ್ಲ ಬೇರೆ. ಕೆಲಸ ಮುಗಿದ ಮೇಲೆ ಅದನ್ನು ಕರಗಿಸುವ ಮಾತೇ ಇಲ್ಲ, ನೇರ ಗೊಬ್ಬರದ ಗುಂಡಿಗೆ.