ಮೂರನೇ ಸಾಲಿನ ಆನೆ

ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅದಾದ ಮೇಲೆ ತುಮಕೂರಿನ ನಮ್ಮ ಹಾಸ್ಟೆಲ್‌ನಲ್ಲಿ ಕೇರಂ ಬೋರ್ಡ್ ಮೂಲೆ ಸೇರಿತು, ಚೆಸ್ ಜಾಸ್ತಿ ಆಯಿತು. ಕಾಲೇಜಿನ ಹಳೆಯ ಹಾಲ್‌ನಲ್ಲಿ ಟೂರ್ನಮೆಂಟ್ ನಡೆದದ್ದು ಆ ದಿನಗಳಲ್ಲೇ.

ಕೊನೆಯ ಸುತ್ತಿನಲ್ಲಿ ನನ್ನ ಆಟ ಬೇಗ ಮುಗಿಯಿತು. ಗೆಳೆಯರು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೊರಟರು. ನಾನು ಒಂದನೇ ಬೋರ್ಡ್ ಹತ್ತಿರವೇ ಉಳಿದೆ. ಅಲ್ಲಿ ನಮ್ಮ ಗಣಿತದ ಮೇಷ್ಟ್ರು ಮತ್ತು ಒಬ್ಬ ಬ್ಯಾಂಕ್ ನೌಕರರು ಕೂತಿದ್ದರು. ಇಬ್ಬರ ಪಾಯಿಂಟೂ ಒಂದೇ. ವರ್ಷಗಟ್ಟಲೆ ಆಡಿ ಒಬ್ಬರ ಕೈ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು.

ಮಂತ್ರಿ, ಒಂಟೆ, ಕುದುರೆ ಎಲ್ಲ ಹೋದವು. ಉಳಿದದ್ದು ಇಬ್ಬರ ರಾಜರು, ಒಂದೊಂದು ಆನೆ. ಬ್ಯಾಂಕಿನವರ ಹತ್ತಿರ ಒಂದು ಕಾಲಾಳು ಜಾಸ್ತಿ. ಮೇಷ್ಟ್ರು ಸೋತರು ಅಂದುಕೊಂಡೆ. ಅವರ ಗಡಿಯಾರದ ಕೆಂಪು ಬಾವುಟ ಬೇರೆ ಮೇಲೇಳುತ್ತಿತ್ತು. ಆಗಿನದು ಕೀಲಿ ಕೊಡುವ ಗಡಿಯಾರ. ಮುಳ್ಳು ಹನ್ನೆರಡು ದಾಟಿದರೆ ಬಾವುಟ ಬಿತ್ತು, ಆಟ ಹೋಯಿತು.

ಮೇಷ್ಟ್ರ ರಾಜ ಕಾಲಾಳಿನ ದಾರಿಗೆ ಅಡ್ಡ ನಿಂತಿದ್ದ. ಆನೆ ಅವರ ಕಡೆಯಿಂದ ಮೂರನೇ ಸಾಲಿನಲ್ಲಿತ್ತು. ಅದನ್ನು ಅದೇ ಸಾಲಿನಲ್ಲಿ ಅತ್ತ ಒಂದು ಮನೆ, ಇತ್ತ ಒಂದು ಮನೆ ಸರಿಸುತ್ತಿದ್ದರು. ಸುಮ್ನೆ ಟೈಂ ಕಳೆಯುತ್ತಿದ್ದಾರೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಆ ಸಾಲಿಗೆ ಎದುರಾಳಿಯ ರಾಜ ಕಾಲಿಡುವ ಹಾಗೇ ಇರಲಿಲ್ಲ. ಬ್ಯಾಂಕಿನವರ ಬೆರಳು ಕಾಲಾಳಿನ ತಲೆ ಮೇಲೆ ಬಂದು ಗಾಳಿಯಲ್ಲೇ ನಿಂತಿತು. ಮುಟ್ಟಿದ ಕಾಯಿ ನಡೆಸಲೇಬೇಕಲ್ವಾ? ಕೊನೆಗೆ ಮುಟ್ಟಿದರು. ಕಾಲಾಳು ಆ ಸಾಲಿಗೆ ಬಂತು.

ತಕ್ಷಣ ಮೇಷ್ಟ್ರ ಆನೆ ಬೋರ್ಡಿನ ಆ ತುದಿಗೆ ಓಡಿತು. ಹಿಂದಿನಿಂದ ಚೆಕ್. ಮತ್ತೆ ಚೆಕ್. ರಾಜ ಅವಿತುಕೊಳ್ಳಬೇಕಾದ ಮನೆಯಲ್ಲಿ ಈಗ ಅವನದೇ ಕಾಲಾಳು ನಿಂತಿತ್ತು! ಬ್ಯಾಂಕಿನವರು ನಕ್ಕು ಕೈ ಚಾಚಿದರು. ಡ್ರಾ.

ಈ ಉಪಾಯವನ್ನು 18ನೇ ಶತಮಾನದಲ್ಲೇ ಫಿಲಿಡೋರ್ ಅನ್ನುವ ಫ್ರೆಂಚ್ ಆಟಗಾರ ತೋರಿಸಿಕೊಟ್ಟಿದ್ದ, ಅವನು ಸಂಗೀತಗಾರನೂ ಹೌದು ಎಂದು ಮೇಷ್ಟ್ರು ಹೇಳಿದರು. ಅಲ್ಲಿಯವರೆಗೆ ಡ್ರಾ ಆದ ಆಟ ನನಗೆ ಸಪ್ಪೆ. ಅವತ್ತಿನಷ್ಟು ಸೊಗಸಾದ ಆಟ ನಾನು ಮತ್ತೆ ನೋಡಿಲ್ಲ.

ಬ್ಯಾಂಕಿನವರು ಕಾಯಿಗಳನ್ನು ಮತ್ತೆ ಮೊದಲಿದ್ದ ಹಾಗೆ ಇಟ್ಟರು. "ಬಾರಪ್ಪ, ಈಗ ನೀನು ಉಳಿಸ್ಕೋ ನೋಡೋಣ" ಎಂದರು. ಅಟೆಂಡರ್ ಬೀಗ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ಮೇಷ್ಟ್ರು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು.