ಗೆದ್ದರೂ ಹಣ ಬಾರದ ಜೂಜು

ಕೊಪ್ಪಳ, ರಾಯಚೂರು ಜಿಲ್ಲೆಗಳ ಪತ್ರಿಕಾ ಪುಟಗಳನ್ನು ಓದುವವರಿಗೆ ಮಟ್ಕಾ ಚೀಟಿ ಬರೆಯುತ್ತಿದ್ದವರ ಬಂಧನದ ಸುದ್ದಿ ಹೊಸದಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 78(3)ನೇ ಕಲಮು ಆ ಸುದ್ದಿಗಳಿಂದಾಗಿಯೇ ಠಾಣೆಯ ಮೆಟ್ಟಿಲು ಹತ್ತದವರಿಗೂ ಪರಿಚಿತವಾಗಿದೆ. ಆದರೆ ಅದೃಷ್ಟದ ಮೇಲೆ ದುಡ್ಡು ಕಟ್ಟಿಸುವ ಅದೇ ವ್ಯವಹಾರ ಹದಿನಾಲ್ಕು ವರ್ಷದ ಹುಡುಗನ ಮೊಬೈಲ್ ಆಟದಲ್ಲಿ, ಒಳಗೇನಿದೆಯೆಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಬಣ್ಣದ ಪೆಟ್ಟಿಗೆಯಾಗಿ ('ಲೂಟ್ ಬಾಕ್ಸ್') ಬಂದಾಗ ಯಾರೂ ಅದನ್ನು ಜೂಜೆಂದು ಕರೆಯುವುದಿಲ್ಲ.

ಗಂಗಾವತಿಯಲ್ಲಿ ನನ್ನ ಅಕ್ಕನ ಮಗ ಬಂದೂಕಿನ ಆಟವೊಂದರಲ್ಲಿ ಇಂತಹ ಪೆಟ್ಟಿಗೆ ತೆರೆಯುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲು ರೂಪಾಯಿ ಕೊಟ್ಟು ಆಟದ ನಾಣ್ಯ ಕೊಳ್ಳಬೇಕು; ನಾಣ್ಯಗಳ ಕಟ್ಟು ಪೆಟ್ಟಿಗೆಯ ಬೆಲೆಗೆ ಸರಿಹೊಂದುವಂತಿರುವುದಿಲ್ಲ, ಒಂದಿಷ್ಟು ಚಿಲ್ಲರೆ ಉಳಿದು ಮುಂದಿನ ಖರೀದಿಗೆ ಕರೆಯುತ್ತಲೇ ಇರುತ್ತದೆ. ಗುಂಡಿ ಒತ್ತಿದೊಡನೆ ಬಹುಮಾನಗಳ ಸಾಲು ಸರ್ರನೆ ಓಡಿ, ನಿಧಾನಿಸಿ, ಅವನಿಗೆ ಬೇಕಾಗಿದ್ದ ಹೊಂಬಣ್ಣದ ಬಂದೂಕನ್ನು ಕೂದಲೆಳೆಯಲ್ಲಿ ದಾಟಿ ನಿಂತಿತು. ಸಿಕ್ಕಿದ್ದು ಅವನ ಬಳಿ ಆಗಲೇ ಇದ್ದ ಒಂದು ಅಂಗಿ. "ಮಾಮಾ, ಸ್ವಲ್ಪದಾಗ ತಪ್ಪಿತು, ಇನ್ನೊಂದ್ ಸಲ ಒತ್ತಿದ್ರ ಬಂದ ಬರ್ತೈತಿ ನೋಡ್ರಿ" ಎಂದ. ಇಂತಹ ಆಟಗಳಲ್ಲಿ ಏನು ಸಿಗಬೇಕೆಂಬುದು ಸಾಮಾನ್ಯವಾಗಿ ಗುಂಡಿ ಒತ್ತಿದ ಕ್ಷಣದಲ್ಲೇ ಕಂಪನಿಯ ಸರ್ವರಿನಲ್ಲಿ ತೀರ್ಮಾನವಾಗಿರುತ್ತದೆ; ಆಮೇಲೆ ಓಡುವ ಸಾಲು ಬರೀ ಬೊಂಬೆಯಾಟ.

ಯಾವಾಗ ಸಿಗುವುದೆಂದು ತಿಳಿಯದ ಬಹುಮಾನವೇ ಜೀವಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಇದನ್ನೆಲ್ಲ ಬಲ್ಲವರೇ ಆಟ ಕಟ್ಟುತ್ತಿರುವಾಗ, ಚಟದ ಹೊಣೆಯನ್ನು ಹುಡುಗರ ಮನೋಬಲದ ಮೇಲೆ, ತಾಯಿತಂದೆಯರ ನಿಗಾದ ಮೇಲೆ ಹೊರಿಸುವ ಮಾತನ್ನು ನಾನು ಒಪ್ಪಲಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದು 'ಶಟ್' ಚಿಕಿತ್ಸಾಲಯವನ್ನು ಆರಂಭಿಸಿತು. ನಮ್ಮ ಕಡೆಯವರಿಗೆ ಅದು ಒಂದು ರಾತ್ರಿಯ ಪ್ರಯಾಣದಷ್ಟು ದೂರ ಎಂಬುದು ಬೇರೆ ಮಾತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವಿಟ್ಟು ಹಣ ಗೆಲ್ಲುವ ಆಟಗಳನ್ನು, ಕೌಶಲ ಅದೃಷ್ಟಗಳ ಭೇದವೆಣಿಸದೆ, ನಿಷೇಧಿಸಿತು. ಅವನ್ನು ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿಯವರೆಗೆ ದಂಡ. ಮೊಬೈಲ್ ರಮ್ಮಿಯಿಂದ ಸಾಲಕ್ಕೆ ಬಿದ್ದ ಮನೆಗಳನ್ನು ಕಂಡ ನಾನು ಅದನ್ನು ಸ್ವಾಗತಿಸಿದವನೇ. ಆದರೆ ಗೆದ್ದರೆ ಲಾಭವುಂಟೆಂಬ ನಿರೀಕ್ಷೆಯೇ ಆ ಕಾಯ್ದೆಯ ಅಳತೆಗೋಲು. ನಾನು ಓದಿಕೊಂಡ ಮಟ್ಟಿಗೆ, ನಗದಿಗೆ ಮಾರಲಾಗದ ಬಂದೂಕಿನ ಬಣ್ಣವನ್ನಷ್ಟೇ ಕೊಡುವ ಪೆಟ್ಟಿಗೆ ಅದರ ಹಿಡಿತಕ್ಕೆ ಸುಲಭವಾಗಿ ಸಿಗದು. ಮಟ್ಕಾದವನು ನಂಬರು ಬಿದ್ದರೆ ದುಡ್ಡನ್ನಾದರೂ ಕೊಡುತ್ತಾನೆ. ಇಲ್ಲಿ ಹೋದ ಹಣ ಯಾವ ದಾರಿಯಿಂದಲೂ ಹಿಂದಿರುಗದು, ಹಿಂದಿರುಗದ ಕಾರಣಕ್ಕೇ ಇದು ಜೂಜಲ್ಲವೆಂಬ ವಾದವೂ ನಡೆಯುತ್ತದೆ!

ಬೆಲ್ಜಿಯಂನ ಜೂಜು ಆಯೋಗ 2018ರಲ್ಲೇ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಆದರೆ ನೆದರ್ಲೆಂಡ್ಸ್‌ನಲ್ಲಿ ಇಂತಹ ಪೆಟ್ಟಿಗೆಗಳಿಗಾಗಿ ಆಟದ ಕಂಪನಿಯೊಂದಕ್ಕೆ ಹಾಕಿದ್ದ 1 ಕೋಟಿ ಯೂರೋ ದಂಡವನ್ನು 2022ರಲ್ಲಿ ಮೇಲಿನ ನ್ಯಾಯಾಲಯ ರದ್ದುಪಡಿಸಿತು. ಚೀನಾ 2017ರಿಂದ ಯಾವ ಬಹುಮಾನ ಸಿಗುವ ಸಾಧ್ಯತೆ ಎಷ್ಟೆಂಬುದನ್ನು ಪ್ರಕಟಿಸಲು ಕಡ್ಡಾಯ ಮಾಡಿದೆ. ಪ್ರಕಟಿಸಿದ ಮಾತ್ರಕ್ಕೆ ಆಗುವುದೇನು? ಶೇ 1ರ ಸಾಧ್ಯತೆಯೆಂದರೆ ನೂರು ಸಲ ತೆರೆದರೆ ಸಿಕ್ಕೇ ಸಿಗುತ್ತದೆಂದು ಹುಡುಗರು ನಂಬುತ್ತಾರೆ. ಲೆಕ್ಕ ಹಾಕಿದರೆ ನೂರು ಸಲ ತೆರೆದವರಲ್ಲೂ ಸುಮಾರು ಶೇ 37ರಷ್ಟು ಮಂದಿಗೆ ಅದು ಸಿಕ್ಕಿರುವುದಿಲ್ಲ.

ಪುಕ್ಕಟೆ ಆಟ ಕೊಡುವ ಕಂಪನಿಗಳೂ ಬದುಕಬೇಕಲ್ಲವೇ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಆ ಬಂದೂಕಿಗೆ ರೂಪಾಯಿಯಲ್ಲೇ ಬೆಲೆ ಹಚ್ಚಿ ಮಾರಲಿ. ಬೆಲೆ ಕಣ್ಣಿಗೆ ಕಂಡರೆ ಹುಡುಗ ತನ್ನ ಅಪ್ಪನನ್ನು ಕೇಳಬಹುದು, ಅಪ್ಪ ಬೇಡವೆನ್ನಲೂಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿತು. 'ಇಂದೇ ಕೊನೆ' ಎಂದು ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿದೆ, ಅದೃಷ್ಟದ ಪೆಟ್ಟಿಗೆ ಇಲ್ಲ. ಅದನ್ನು ಹದಿನಾಲ್ಕನೆಯದಾಗಿ ಸೇರಿಸುವುದಕ್ಕೆ ಇನ್ನೊಂದು ಕಾಯ್ದೆಗಾಗಿ ಕಾಯಬೇಕಿಲ್ಲ, ಆ ಮಾರ್ಗಸೂಚಿಯನ್ನು ತಿದ್ದಿದರೆ ಸಾಕು.