ಸಾವಿನ ಮನೆಗೆ ಬಂದ ಮಾತುಗಳು

ಮಗುವನ್ನು ಮಣ್ಣಿಗಿಟ್ಟು ಬಂದ ಮನೆಗೆ ಜನ ಬರಿಗೈಯಲ್ಲಿ ಬರುವುದಿಲ್ಲ. ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತಿನ ಜೊತೆಗೆ ಒಂದೊಂದು ಮಾತನ್ನೂ ತರುತ್ತಾರೆ. “ದೇವರಿಗೆ ತನ್ನ ತೋಟಕ್ಕೆ ಚೆಂದದ ಹೂವೊಂದು ಬೇಕಾಗಿತ್ತು.” “ಅವನೀಗ ದೇವದೂತನಾಗಿ ನಿನ್ನನ್ನೇ ನೋಡುತ್ತಿದ್ದಾನೆ.” “ಹೊರಲಾರದ ಭಾರವನ್ನು ದೇವರು ಯಾರ ಮೇಲೂ ಹಾಕುವುದಿಲ್ಲ.” ಮಂಗಳೂರಿನ ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಈ ಮಾತುಗಳಿಗೆ ಸತ್ಯವೇದದ, ಅಂದರೆ ಬೈಬಲಿನ, ವಚನದಷ್ಟೇ ಮರ್ಯಾದೆ. ಹೇಳುವವರು ಧ್ವನಿ ತಗ್ಗಿಸಿ ಹೇಳುತ್ತಾರೆ, ಪಕ್ಕದಲ್ಲಿದ್ದವರು ಆಮೆನ್ ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಮ್ಮನ ಮಗಳು ಇವನ್ನೆಲ್ಲ ಕೇಳಿಸಿಕೊಳ್ಳುತ್ತಾ ಕುಳಿತಿದ್ದಳು. ಅವಳ ಹನ್ನೊಂದು ವರ್ಷದ ಮಗ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಕಾಯಿಲೆ ಗೊತ್ತಾದಂದಿನಿಂದ ಆ ಮನೆಯಲ್ಲಿ ಉಪವಾಸ ಪ್ರಾರ್ಥನೆ ನಿಂತಿರಲಿಲ್ಲ. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಹುಡುಗನ ತಲೆಯ ಮೇಲೆ ಕೈಯಿಟ್ಟು, ಗುಣವಾಗಿದೆ, ಸಾಕ್ಷಿ ಹೇಳಲು ಸಿದ್ಧರಾಗಿರಿ ಎಂದು ಹೇಳಿ ಹೋಗಿದ್ದರು. ಮಣ್ಣು ಮಾಡಿದ ಮರುದಿನ ಅದೇ ಪ್ರಾರ್ಥನಾ ಗುಂಪಿನ ಹೆಂಗಸೊಬ್ಬರು ಬಂದು ಅವಳ ಕೈ ಹಿಡಿದುಕೊಂಡು, “ಎಲ್ಲೋ ನಂಬಿಕೆ ಕಡಿಮೆಯಾಯಿತು ಅಂತ ಕಾಣುತ್ತದೆ” ಎಂದರು. ನಾನು ಅಲ್ಲೇ ಇದ್ದೆ. ಹೆತ್ತವಳ ಎದುರು ಇಂಥ ಮಾತನ್ನು ಪ್ರೀತಿಯ ದನಿಯಲ್ಲಿ ಹೇಳಲು ಹೇಗೆ ಸಾಧ್ಯವಾಗುತ್ತದೆಯೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ಅವಳು ನನ್ನನ್ನು ಕರೆದಳು. “ಅಕ್ಕಾ, ನೀನು ಓದುವವಳು. ಇವರೆಲ್ಲ ಹೇಳಿದ್ದು ಸತ್ಯವೇದದಲ್ಲಿ ಇದೆಯೇ? ಇದ್ದರೆ ಓದಿ ತೋರಿಸು. ಇಲ್ಲವಾದರೆ ಇಲ್ಲ ಎಂದುಬಿಡು. ನನಗೋಸ್ಕರ ಏನನ್ನೂ ಸಿಹಿ ಮಾಡಬೇಡ.”

ಹಂಚಿನ ಕಾರ್ಖಾನೆಯಲ್ಲಿ ದುಡಿದಿದ್ದ ಅವಳ ಮಾವನ ದಪ್ಪ ಸತ್ಯವೇದ ಕಪಾಟಿನಲ್ಲಿತ್ತು. ಅದರ ಮೊದಲ ಹಾಳೆಯಲ್ಲಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣದ ತಾರೀಕುಗಳನ್ನು ನೀಲಿ ಶಾಯಿಯಲ್ಲಿ ಬರೆದಿದ್ದರು. ಹುಡುಗನ ಹೆಸರಿನ ಮುಂದೆ ಎರಡು ತಾರೀಕುಗಳಿದ್ದವು. ಮೂರನೆಯದನ್ನು ಇನ್ನೂ ಯಾರೂ ಬರೆದಿರಲಿಲ್ಲ.

ಹೀಗೆ ಕೇಳುವುದೇ ಅಪನಂಬಿಕೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಬೆರೋಯ ಪಟ್ಟಣದವರು ಪೌಲನ ಉಪದೇಶವನ್ನೇ ದಿನದಿನವೂ ಶಾಸ್ತ್ರ ತೆಗೆದು ಒರೆಗೆ ಹಚ್ಚುತ್ತಾರೆ. ಲೂಕನು ಅವರನ್ನು ಮೆಚ್ಚಿ ಬರೆಯುತ್ತಾನೆ. ಅಪೊಸ್ತಲನ ಮಾತನ್ನೇ ಪರೀಕ್ಷಿಸಬಹುದಾದರೆ ನೆರೆಮನೆಯವರ ಮಾತನ್ನು ಪರೀಕ್ಷಿಸಬಾರದೇಕೆ?

ಹೂವಿನ ಮಾತು ಬೇಗ ಮುಗಿಯಿತು. ಅಂಥ ವಚನವೇ ಇಲ್ಲ. ಮರಣವು ದೇವರ ತೋಟಗಾರನಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲನು ಅದನ್ನು ಕಡೆಯ ಶತ್ರು ಎಂದು ಕರೆಯುತ್ತಾನೆ. ಬೇಥಾನ್ಯದಲ್ಲಿ ಲಾಜರನು ಸತ್ತಾಗ ಯೇಸು ಸ್ವಾಮಿ ಮಾರ್ಥಳಿಗೆ, ದೇವರಿಗೆ ನಿನ್ನ ತಮ್ಮ ಬೇಕಾಗಿದ್ದ ಎಂದು ಹೇಳಲಿಲ್ಲ. ಎದ್ದು ಬರುವನು ಎಂದರು. ಸ್ವಲ್ಪ ಹೊತ್ತಿನಲ್ಲೇ ಅವನನ್ನು ಎಬ್ಬಿಸಲಿದ್ದರೂ ಮಾರ್ಥಳ ತಂಗಿ ಮರಿಯಳ ಅಳುವನ್ನು ಕಂಡು ತಾವೂ ಅತ್ತರು. ಇಲ್ಲಿ ಅವಳು ನನ್ನನ್ನು ತಡೆದು, “ಹಾಗಾದರೆ ಅಳಬಾರದು ಎಂದು ಯಾಕೆ ಹೇಳುತ್ತಾರೆ?” ಎಂದು ಕೇಳಿದಳು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯವನ್ನು ತೆಗೆದೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆಯೇ ಹೊರತು ದುಃಖಿಸಲೇಬೇಡಿ ಎಂದಿಲ್ಲ. ಸ್ತೆಫನನನ್ನು ಹೂಣಿಟ್ಟ ಭಕ್ತರು ಎದೆ ಬಡಿದುಕೊಂಡು ಗೋಳಾಡಿದ್ದೂ ಅಪೊಸ್ತಲರ ಕೃತ್ಯಗಳಲ್ಲಿಯೇ ಇದೆ.

ಭಾರದ ಮಾತಿಗೆ ಬೇರು ಇದೆ, ಆದರೆ ಗಿಡ ಬೇರೆಯಾಗಿ ಬೆಳೆದಿದೆ. 1 ಕೊರಿಂಥ 10:13ರಲ್ಲಿ ಪೌಲನು ಹೇಳುವುದು ಶೋಧನೆಯ, ಅಂದರೆ ಪಾಪದ ಸೆಳೆತದ, ವಿಷಯವನ್ನು. ಪಾಪಕ್ಕೆ ಬೀಳದಂತೆ ದೇವರು ದಾರಿ ತೋರಿಸುವನು ಎಂದು. ಸಂಕಟಕ್ಕೂ ಅದೇ ಲೆಕ್ಕ ಎಂದು ಅವನು ಹೇಳಲಿಲ್ಲ. ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ಆಸ್ಯ ಸೀಮೆಯಲ್ಲಿ ನಮ್ಮ ಶಕ್ತಿ ಮೀರಿದ ಭಾರ ಬಿದ್ದು ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ತಾನೇ ಬರೆಯುತ್ತಾನೆ. ಅದನ್ನು ಓದಿದಾಗ ಅವಳು, “ಪೌಲನಿಗೂ ಹೊರಲು ಆಗಲಿಲ್ಲವೇ!” ಎಂದಳು. ಆ ದಿನ ಅವಳ ದನಿಯಲ್ಲಿ ಮೊದಲ ಸಲ ಸ್ವಲ್ಪ ಜೀವ ಬಂದಿತ್ತು.

ದೇವದೂತನ ಮಾತು ಅವಳಿಗೆ ಇಷ್ಟವಾಗಿತ್ತು. ಅದನ್ನು ಮುಟ್ಟಲು ನನಗೆ ಹಿಂಜರಿಕೆ. ಆದರೂ ಕೇಳಿದ್ದಳಲ್ಲ. ಪುನರುತ್ಥಾನದಲ್ಲಿ ಮದುವೆ ಮಾಡಿಕೊಳ್ಳುವುದಿಲ್ಲ, ದೇವದೂತರ ಹಾಗೆ ಇರುತ್ತಾರೆ ಎಂದು ಯೇಸು ಸ್ವಾಮಿ ಸದ್ದುಕಾಯರೆಂಬ ಯೆಹೂದಿ ಪಂಗಡದವರಿಗೆ ಹೇಳಿದ್ದುಂಟು. ಮನುಷ್ಯರು ಸತ್ತು ದೇವದೂತರಾಗುತ್ತಾರೆ ಎಂದು ಎಲ್ಲಿಯೂ ಇಲ್ಲ. ಇರುವ ವಾಗ್ದಾನ ಬೇರೆ: ದೇಹ ಎದ್ದು ಬರುತ್ತದೆ. ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡು, “ಅವನ ಕೈಯೂ?” ಎಂದಳು. ಡ್ರಿಪ್ಸ್ ಸೂಜಿ ಚುಚ್ಚಿ ಚುಚ್ಚಿ ಹುಡುಗನ ಕೈಯ ಹಿಂಬದಿ ನೀಲಿಗಟ್ಟಿತ್ತು. ಲೂಕ 24ನ್ನು ಓದಿದೆ. ಎದ್ದುಬಂದ ಯೇಸು, ಭೂತಕ್ಕೆ ಮಾಂಸ, ಎಲುಬು ಇರುವುದಿಲ್ಲ, ಮುಟ್ಟಿ ನೋಡಿರಿ ಎಂದು ಕೈಕಾಲುಗಳನ್ನು ತೋರಿಸಿದರು. ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಸುಟ್ಟ ಮೀನಿನ ತುಂಡನ್ನು ಅವರೆದುರೇ ತಿಂದರು. ಬಂಗುಡೆ ಇಲ್ಲದೆ ಊಟಕ್ಕೆ ಏಳದ ಹುಡುಗ ಅವನು. ಅವಳು ಅತ್ತಳು. ನಾನೂ ಅತ್ತೆ. ರೆಕ್ಕೆಯ ಬೊಂಬೆಗಿಂತ ಇದು ಎಷ್ಟೋ ದೊಡ್ಡ ಮಾತು ಎಂದು ನಾನು ನಂಬುತ್ತೇನೆ.

“ಈಗ ಎಲ್ಲಿದ್ದಾನೆ?” ಎಂದೂ ಕೇಳಿದಳು. ಶಿಲುಬೆಯ ಮೇಲಿನ ಕಳ್ಳನಿಗೆ ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ ಎಂಬ ಮಾತು ಸಿಕ್ಕಿತು. ಪೌಲನು ಸತ್ತವರನ್ನು ನಿದ್ರೆಹೋದವರು ಎನ್ನುತ್ತಾನೆ. ಎರಡನ್ನೂ ಓದಿದೆ. ಎರಡನ್ನೂ ಹೊಲಿದು ನಕ್ಷೆ ಬರೆದುಕೊಡಲು ನಾನು ಹೋಗಲಿಲ್ಲ. ಮರಣವೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಎಂಬ ರೋಮಾಪುರ 8ರ ಮಾತಿಗೆ ಎರಡೂ ಒಪ್ಪುತ್ತವೆ, ಅಷ್ಟು ಸಾಕು ಎಂದೆ.

ಕೊನೆಗೆ ನಂಬಿಕೆ ಕಡಿಮೆಯಾಯಿತು ಎಂಬ ಮಾತು. ಇದಕ್ಕೆ ನನ್ನಲ್ಲಿ ಸಿಟ್ಟೇ ಇತ್ತು. ಪೌಲನು ತನ್ನ ಶರೀರದಲ್ಲಿದ್ದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಅಸ್ವಸ್ಥನಾಗಿದ್ದ ಜೊತೆಗಾರ ತ್ರೊಫಿಮನನ್ನು ಅವನು ಮಿಲೇತದಲ್ಲಿ ಬಿಟ್ಟುಬಂದ. ತಿಮೊಥೆಯನ ಹೊಟ್ಟೆಯ ಕಾಯಿಲೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ. ಇವರಲ್ಲಿ ಯಾರ ನಂಬಿಕೆ ಕಡಿಮೆಯಿತ್ತು? ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಎದುರು ಅವನ ಸ್ನೇಹಿತರು ದೇವರ ಪರವಾಗಿ ಎಷ್ಟೊಂದು ವಾದ ಮಾಡಿದರು! ಕಡೆಯ ಅಧ್ಯಾಯದಲ್ಲಿ ದೇವರು ಆ ಸ್ನೇಹಿತರಲ್ಲೊಬ್ಬನಾದ ಎಲೀಫಜನಿಗೆ ಹೇಳಿದ್ದು, ನೀವು ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾಗಿ ಮಾತನಾಡಲಿಲ್ಲ ಎಂದು. ಕೂಗಾಡಿದ ಯೋಬ ಸರಿ, ದೇವರನ್ನು ಸಮರ್ಥಿಸಿದವರು ತಪ್ಪು. ಸಿಲೊವದ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಾಗಿರಲಿಲ್ಲ ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ.

ಅಷ್ಟರವರೆಗೆ ಬಾಗಿಲ ಬಳಿ ಗೆರಸೆಯಲ್ಲಿ ಕುಚ್ಚಲಕ್ಕಿಯ ಕಲ್ಲು ಆರಿಸುತ್ತಿದ್ದ ಅವಳ ಅತ್ತೆ ತಲೆಯೆತ್ತಿದರು. “ದಾವೀದ ರಾಜನ ಮಗು ಸತ್ತದ್ದು ತಂದೆಯ ಪಾಪಕ್ಕೇ ತಾನೇ? ಅದೂ ಅದೇ ಪುಸ್ತಕದಲ್ಲಿದೆ, ಮಗಳೇ.” ಜಾಗದ ಪಾಲಿನಲ್ಲಿ ಅವರ ಗಂಡ ತಮ್ಮನಿಗೆ ಅನ್ಯಾಯ ಮಾಡಿದ್ದರಂತೆ. ಅದು ಮೊಮ್ಮಗನ ತಲೆಗೆ ಬಂತು ಎಂದು ಆ ಮುದುಕಿ ಒಳಗೊಳಗೇ ಬೇಯುತ್ತಿದ್ದರು. ಸೊಸೆಗೂ ಹೇಳಿರಲಿಲ್ಲ.

ಇದಕ್ಕೆ ಉತ್ತರ ಸುಲಭವಿರಲಿಲ್ಲ. 2 ಸಮುವೇಲ 12ರಲ್ಲಿ ಅದು ಇದೆ. ತಂದೆಯ ದೋಷದ ಫಲವನ್ನು ಮೂರು ನಾಲ್ಕು ತಲೆಗಳವರೆಗೆ ಬರಮಾಡುವ ಮಾತು ಹತ್ತು ಆಜ್ಞೆಗಳಲ್ಲೇ ಇದೆ, ದೇವರನ್ನು ದ್ವೇಷಿಸುವವರ ವಿಷಯವಾಗಿ. ಯೆಹೆಜ್ಕೇಲ 18 ಇನ್ನೊಂದು ಕಡೆಯಿಂದ ಬರುತ್ತದೆ. ಅಪ್ಪಂದಿರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆ ಇಸ್ರಾಯೇಲಿನಲ್ಲಿ ಜನರ ಬಾಯಲ್ಲಿತ್ತು. ಇನ್ನು ಮುಂದೆ ಆ ಗಾದೆಯನ್ನು ಎತ್ತಬೇಡಿ, ತಂದೆಯ ದೋಷವನ್ನು ಮಗ ಹೊರುವುದಿಲ್ಲ ಎಂದು ದೇವರೇ ಆಣೆಯಿಟ್ಟು ಹೇಳುತ್ತಾನೆ. ಒಂದನ್ನು ಅಳಿಸಿ ಇನ್ನೊಂದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ. ಆದರೆ ದಾವೀದನಿಗೆ ಅದನ್ನು ಹೇಳಿದವನು ನಾತಾನನು, ದೇವರು ಕಳುಹಿಸಿದ ಪ್ರವಾದಿ. ನಿಮ್ಮ ಬಳಿಗೆ ಯಾವ ನಾತಾನ ಬಂದಿದ್ದ, ದೊಡ್ಡಮ್ಮಾ, ಎಂದು ಕೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. “ಮೈದುನನ ಮನೆಗೆ ಒಮ್ಮೆ ಹೋಗಿ ಬರಬೇಕು” ಎಂದಷ್ಟೇ ಹೇಳಿದರು. ಹೋಗಿರೆಂದು ನಾನೂ ಹೇಳಿದೆ. ಮಗುವಿನ ಸಾವಿಗೆ ಕಾರಣವಾಗದಿದ್ದರೂ ಅನ್ಯಾಯ ಅನ್ಯಾಯವೇ.

ಸಂಜೆಯ ಪ್ರಾರ್ಥನೆಗೆ ಸಭೆಯ ಹಿರಿಯರು ಬಂದು, ಯಾವ ಭಾಗ ಓದಲಿ ಎಂದು ಕೇಳಿದರು. ಎಲ್ಲರೂ 23ನೇ ಕೀರ್ತನೆ ಎಂದುಕೊಂಡಿದ್ದೆವು. ಅವಳು 88 ಎಂದಳು. ಮಧ್ಯಾಹ್ನ ಹಾಳೆ ತಿರುಗಿಸುವಾಗ ಅದನ್ನು ತಾನೇ ಓದಿಕೊಂಡಿದ್ದಳು. ಉಳಿದ ಮೊರೆಯ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಯಾಕೆ ನನಗೆ ಮುಖ ಮರೆಮಾಡುತ್ತೀ ಎಂದು ದೇವರನ್ನೇ ಕೇಳಿ, ಕತ್ತಲೆಯಲ್ಲೇ ನಿಂತುಬಿಡುತ್ತದೆ.

ಹಿರಿಯರು ಕಣ್ಣಾಡಿಸಿ, “ಇದರಲ್ಲಿ ಆದರಣೆಯ ಮಾತೇ ಇಲ್ಲವಲ್ಲಮ್ಮಾ” ಎಂದರು.

“ಇದೂ ಸತ್ಯವೇದವೇ ಅಲ್ಲವೇ, ಮಾವ? ಇದನ್ನೇ ಓದಿ.”

ಅವರು ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದರು.